ಒಂದು ಅರ್ಜಿ, ಮೂರು ಭಾಷೆ: ಫಾರ್ಮ್ ಅನುವಾದಿಸಲು, ಮೊದಲೇ ತುಂಬಿಡಲು ಯಾವ ಟೆಂಪ್ಲೇಟ್ ತಗೊಳ್ಳಬೇಕು?

“ಇದ್ರಾಗ ನನ್ನ ಅಡ್ಡಹೆಸರ ಯಾಕ ಬದಲಾಗ್ಯಾದರಿ?” ಅಂತ ಜೇವರ್ಗಿ ಕಡೆಯ ಒಬ್ಬ ರೈತರು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ತೊಗರಿ ಬೆಳೆಗಾರರ ಒಂದು ಗುಂಪಿಗೆ ನಾನು ನೋಂದಣಿ ಫಾರ್ಮ್ ಮಾಡಿಕೊಟ್ಟಿದ್ದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗೆ ಒಂದೇ ಫಾರ್ಮ್. ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ತೆರೆಯಬೇಕು. ಹೋದ ವರ್ಷ ಹೆಸರು ಬರೆಸಿದವರಿಗೆ ಈ ವರ್ಷ ಎಲ್ಲವೂ ತುಂಬಿಕೊಂಡೇ ಬರಬೇಕು. ಅವರು ಬದಲಾದದ್ದನ್ನಷ್ಟೇ ತಿದ್ದಿದರೆ ಸಾಕು.

ಅವರ ಅಡ್ಡಹೆಸರು ಊರಿನ ಹೆಸರೇ. ನಮ್ಮ ಭಾಗದಲ್ಲಿ ಇದು ಮಾಮೂಲು. ಹೋದ ವರ್ಷ ಅವರು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಸಿದ್ದರು, ಪಾಸ್‌ಬುಕ್‌ನಲ್ಲಿ ಇರುವ ಹಾಗೆಯೇ. ಈ ವರ್ಷ ಕನ್ನಡದ ಫಾರ್ಮ್ ತೆರೆದರೆ ಅಡ್ಡಹೆಸರು ತಾನಾಗಿ ಕನ್ನಡಕ್ಕೆ ತಿರುಗಿ ಕೂತಿತ್ತು. ಕಾರಣ ಇಷ್ಟೇ: ತಾಲ್ಲೂಕುಗಳ ಹೆಸರನ್ನು ನಾನು ಅನುವಾದದ ಪಟ್ಟಿಯಲ್ಲಿ ಸೇರಿಸಿದ್ದೆ. ಟೆಂಪ್ಲೇಟ್, ಅಂದರೆ ಪುಟದ ಅಚ್ಚಿನಲ್ಲಿ ಬರಹ, ವಿವರ ತುಂಬಿಕೊಡುವ ಸಾಧನ, ಅವರ ಅಡ್ಡಹೆಸರನ್ನೂ ಆ ಪಟ್ಟಿಯಲ್ಲಿ ಹುಡುಕಿ, ಸಿಕ್ಕಿತು ಅಂತ ಬದಲಿಸಿಬಿಟ್ಟಿತ್ತು. ಅವರು ಗಮನಿಸದೆ ಸೇವ್ ಒತ್ತಿದ್ದರೆ ಪಾಸ್‌ಬುಕ್‌ಗೂ ದಾಖಲೆಗೂ ತಾಳೆಯಾಗುತ್ತಿರಲಿಲ್ಲ. ಹಣ ಬರುವ ಹೊತ್ತಿಗೆ ಅವರೇ ಓಡಾಡಬೇಕಾಗುತ್ತಿತ್ತು.

ಅಂದಿನಿಂದ ಫಾರ್ಮ್‌ಗೆ ಟೆಂಪ್ಲೇಟ್ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಎರಡು. ಅನುವಾದ ಮಾಡುವ ಕೆಲಸ, ಬೆಲೆ (ಪೆಟ್ಟಿಗೆಯಲ್ಲಿ ಇರುವ ವಿವರ, ಇಂಗ್ಲಿಷಿನ ವ್ಯಾಲ್ಯೂ) ತುಂಬುವ ಕೆಲಸ ಎರಡನ್ನೂ ಈ ಟೆಂಪ್ಲೇಟ್ ಬೇರೆ ಬೇರೆ ಆಟ್ರಿಬ್ಯೂಟ್‌ಗಳಲ್ಲಿ (ಪುಟದ ಒಂದೊಂದು ಭಾಗಕ್ಕೆ ಕೋಡ್‌ನಲ್ಲಿ ಅಂಟಿಸುವ ಗುಣಗಳಲ್ಲಿ) ಇಡುತ್ತದಾ? ನಾನು ಮರೆತರೂ ಜನ ಬರೆದದ್ದು ಅನುವಾದಕ್ಕೆ ಹೋಗದಂತೆ ಅದು ತಡೆಯುತ್ತದಾ? ವೇಗ, ಹೆಸರು, ಎಷ್ಟು ಜನ ಬಳಸುತ್ತಾರೆ ಅನ್ನುವುದೆಲ್ಲ ಆಮೇಲಿನ ಮಾತು.

ಮೊದಲು ಎಚ್‌ಟಿಎಂಎಲ್ ಏನು ಹೇಳುತ್ತದೆ ನೋಡೋಣ

ಟೆಂಪ್ಲೇಟ್ ಯಾವುದಾದರೂ ಇರಲಿ, ಕೊನೆಗೆ ಅದು ಬ್ರೌಸರ್‌ಗೆ ಕೊಡುವುದು ಎಚ್‌ಟಿಎಂಎಲ್, ಅಂದರೆ ವೆಬ್ ಪುಟ ಬರೆಯುವ ಭಾಷೆ. ಫಾರ್ಮ್‌ನ ವಿಷಯದಲ್ಲಿ ಅದರ ಕೆಲವು ಪದ್ಧತಿಗಳು ಗೊತ್ತಿಲ್ಲದಿದ್ದರೆ ಯಾವ ಟೆಂಪ್ಲೇಟ್ ತಗೊಂಡರೂ ಎಡವುತ್ತೇವೆ.

ಜನರಿಗೆ ಕಾಣುವ ಮಾತು ಬೇರೆ, ಸರ್ವರ್‌ಗೆ ಹೋಗುವ ಬೆಲೆ ಬೇರೆ. ಲೇಬಲ್, ಪ್ಲೇಸ್‌ಹೋಲ್ಡರ್ (ಖಾಲಿ ಪೆಟ್ಟಿಗೆಯಲ್ಲಿ ಮಸುಕಾಗಿ ಕಾಣುವ ಸೂಚನೆ), ಟೈಟಲ್ (ಮೌಸ್ ಇಟ್ಟಾಗ ಕಾಣುವ ಬರಹ), ಬಟನ್ ಮೇಲಿನ ಬರಹ ಇವೆಲ್ಲ ಅನುವಾದವಾಗಬೇಕು. ವ್ಯಾಲ್ಯೂ (ಬೆಲೆ), ಚೆಕ್ಡ್ (ಗುರುತು ಬಿದ್ದಿದೆ), ಸೆಲೆಕ್ಟೆಡ್ (ಆಯ್ಕೆಯಾಗಿದೆ) ಇವು ದಾಖಲೆಯಿಂದ ಬರಬೇಕು. ಗೊಂದಲ ಆಗುವುದು ಎರಡೂ ಸೇರುವ ಜಾಗದಲ್ಲಿ. ಸಬ್ಮಿಟ್ ಬಟನ್ನಿನ ವ್ಯಾಲ್ಯೂ ಕಣ್ಣಿಗೆ ಕಾಣುವ ಬರಹ, ಹಾಗಾಗಿ ಅದನ್ನು ಅನುವಾದಿಸಬೇಕು. ಹೆಸರಿನ ಪೆಟ್ಟಿಗೆಯ ವ್ಯಾಲ್ಯೂ ಜನರ ಮಾತು, ಅದನ್ನು ಮುಟ್ಟಬಾರದು. ಆಟ್ರಿಬ್ಯೂಟ್ ಹೆಸರು ಎರಡೂ ಕಡೆ ಒಂದೇ.

ಸೆಲೆಕ್ಟ್ ಪಟ್ಟಿ, ಅಂದರೆ ಒತ್ತಿದರೆ ಬಿಚ್ಚಿಕೊಂಡು ಆಪ್ಷನ್ (ಆಯ್ಕೆ) ತೋರಿಸುವ ಪಟ್ಟಿ, ಇದಕ್ಕಿಂತ ಜಾಸ್ತಿ ಮೋಸ ಮಾಡುತ್ತದೆ. ಆಪ್ಷನ್‌ಗೆ ವ್ಯಾಲ್ಯೂ ಆಟ್ರಿಬ್ಯೂಟ್ ಕೊಡದಿದ್ದರೆ ಅದರ ಒಳಗಿನ ಬರಹವೇ ಬೆಲೆಯಾಗಿ ಸರ್ವರ್‌ಗೆ ಹೋಗುತ್ತದೆ. ಬರಹವನ್ನು ಅನುವಾದಿಸಿದರೆ ಬೆಲೆಯೂ ಬದಲಾದಂತೆ. ಆಗ ದಾಖಲೆಯಲ್ಲಿ ಇಂಗ್ಲಿಷಿನ ಆಳಂದ, ಕನ್ನಡದ ಆಳಂದ, ಉರ್ದುವಿನ ಆಳಂದ ಅಂತ ಮೂರು ತಾಲ್ಲೂಕು ಹುಟ್ಟುತ್ತವೆ. ಮುಂದಿನ ವರ್ಷ ತುಂಬಿಕೊಡುವಾಗ ಉಳಿಸಿದ ಬೆಲೆಗೂ ಪಟ್ಟಿಗೂ ಹೊಂದದೆ ತಾಲ್ಲೂಕಿನ ಜಾಗ ಖಾಲಿಯಾಗಿ ಕಾಣುತ್ತದೆ, ಇಲ್ಲವೇ ಪಟ್ಟಿಯ ಮೊದಲನೆಯದೇ ಆಯ್ಕೆಯಾಗಿ ಕೂರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು, ಯಾಕೆಂದರೆ ತಪ್ಪು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಫೋನಿನ ಬ್ರೌಸರ್ ತಾನೇ ಪುಟವನ್ನು ಅನುವಾದ ಮಾಡಿದಾಗಲೂ ಆಪ್ಷನ್ ಬರಹ ಹೀಗೇ ಬದಲಾಗಬಹುದು. ಅದಕ್ಕೇ ಪ್ರತಿ ಆಪ್ಷನ್‌ಗೂ ವ್ಯಾಲ್ಯೂನಲ್ಲಿ ಒಂದು ಕೋಡ್ (ಯಾವ ಭಾಷೆಯಲ್ಲೂ ಬದಲಾಗದ ಗುರುತು) ಕೊಡಿ. ಪುಟ ಹೇಗೂ ಮೂರು ಭಾಷೆಯಲ್ಲಿ ಇರುವಾಗ ಫಾರ್ಮ್‌ಗೆ ಟ್ರಾನ್ಸ್‌ಲೇಟ್ ಆಟ್ರಿಬ್ಯೂಟ್‌ನಲ್ಲಿ ‘ನೋ’ ಅಂತ ಬರೆದರೆ ಇನ್ನೂ ಒಳ್ಳೆಯದು.

ಚೆಕ್ಡ್ ಥರದ ಆಟ್ರಿಬ್ಯೂಟ್‌ಗೆ ಬೆಲೆ ಏನಿದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಅದು ಇದೆಯಾ ಇಲ್ಲವಾ ಅಷ್ಟೇ ಮುಖ್ಯ. ‘ಫಾಲ್ಸ್’ ಅಂತ ಬರೆದರೂ ಗುರುತು ಬಿದ್ದೇ ಇರುತ್ತದೆ. ಹಲವು ಸಾಲು ಬರೆಯುವ ಪೆಟ್ಟಿಗೆ, ಅಂದರೆ ಟೆಕ್ಸ್ಟ್‌ಏರಿಯಾಗೆ ವ್ಯಾಲ್ಯೂ ಆಟ್ರಿಬ್ಯೂಟ್ ಇಲ್ಲ, ಅದರ ಹೊಟ್ಟೆಯೊಳಗಿನ ಬರಹವೇ ಮೊದಲ ಬೆಲೆ. ಫೋಟೊ ಏರಿಸುವ ಫೈಲ್ ಪೆಟ್ಟಿಗೆಯನ್ನು ಮೊದಲೇ ತುಂಬಲು ಬ್ರೌಸರ್ ಬಿಡುವುದೇ ಇಲ್ಲ, ಸುರಕ್ಷತೆಗಾಗಿ. ಇನ್ನು ರೀಸೆಟ್ ಬಟನ್. ಅದು ಫಾರ್ಮನ್ನು ಖಾಲಿ ಮಾಡುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಪುಟ ಬಂದಾಗ ವ್ಯಾಲ್ಯೂ ಆಟ್ರಿಬ್ಯೂಟ್‌ನಲ್ಲಿ ಏನಿತ್ತೋ ಅಲ್ಲಿಗೆ ಅದು ವಾಪಸ್ ಹೋಗುತ್ತದೆ. ಮೊದಲೇ ತುಂಬಿದ ಫಾರ್ಮ್‌ನಲ್ಲಿ ರೀಸೆಟ್ ಒತ್ತಿದರೆ ಹೋದ ವರ್ಷದ ವಿವರಗಳೇ ಬರುತ್ತವೆ.

ಈಗ ಆಯ್ಕೆಗಳಿಗೆ ಬರೋಣ. ನಾನಿಲ್ಲಿ ಆಟ್ರಿಬ್ಯೂಟ್ ಮೂಲಕ ಕೆಲಸ ಮಾಡುವ ಟೆಂಪ್ಲೇಟ್‌ಗಳನ್ನು ಮಾತ್ರ ಹೋಲಿಸುತ್ತಿದ್ದೇನೆ. ಜಿಂಜಾ ಥರ ಬರಹದ ನಡುವೆ ಆವರಣ ಹಾಕಿ ಬರೆಯುವವು ಬೇರೆ ಜಾತಿ.

ಟಾಲ್, ಕಮೀಲಿಯನ್: ನಾನು ಜಾಸ್ತಿ ಬಳಸಿದ್ದು

ಟಾಲ್ ಅನ್ನುವುದು ಝೋಪ್ ಎಂಬ ವೆಬ್ ಸಾಧನದಿಂದ ಬಂದ ಟೆಂಪ್ಲೇಟ್ ಪದ್ಧತಿ. ಕಮೀಲಿಯನ್ ಅದನ್ನೇ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೇಗವಾಗಿ ಓಡಿಸುವ ಸಾಧನ. ಪೈಥಾನ್‌ನ ವೆಬ್ ಸಾಧನಗಳಾದ ಪಿರಮಿಡ್, ಪ್ಲೋನ್ ಬಳಸಿದವರಿಗೆ ಗೊತ್ತಿರುತ್ತದೆ.

ಇದರಲ್ಲಿ ಎರಡು ಗುಂಪಿನ ಆಟ್ರಿಬ್ಯೂಟ್‌ಗಳಿವೆ. ‘ಟಾಲ್’ ಅಂತ ಶುರುವಾಗುವವು ಬೆಲೆ ತುಂಬುತ್ತವೆ. ‘ಐ18ಎನ್’ ಅಂತ ಶುರುವಾಗುವವು ಅನುವಾದ ನೋಡಿಕೊಳ್ಳುತ್ತವೆ. ಇಂಟರ್‌ನ್ಯಾಷನಲೈಸೇಶನ್ ಅನ್ನುವ ಇಂಗ್ಲಿಷ್ ಪದದಲ್ಲಿ ಮೊದಲ ಐ, ಕೊನೆಯ ಎನ್ ನಡುವೆ 18 ಅಕ್ಷರ ಇರುವುದಕ್ಕೆ ಆ ಹೆಸರು. ಲೇಬಲ್‌ಗೆ ಐ18ಎನ್ ಟ್ರಾನ್ಸ್‌ಲೇಟ್ ಹಾಕಿದರೆ ಒಳಗಿನ ಬರಹ ಅನುವಾದವಾಗುತ್ತದೆ. ಪ್ಲೇಸ್‌ಹೋಲ್ಡರ್ ಥರದ ಆಟ್ರಿಬ್ಯೂಟ್ ಅನುವಾದವಾಗಬೇಕಾದರೆ ಐ18ಎನ್ ಆಟ್ರಿಬ್ಯೂಟ್ಸ್‌ನಲ್ಲಿ ಅದರ ಹೆಸರು ಬರೆಯಬೇಕು. ವ್ಯಾಲ್ಯೂ ತುಂಬಲು ಟಾಲ್ ಆಟ್ರಿಬ್ಯೂಟ್ಸ್. ಎರಡೂ ಕೆಲಸ ಬೇರೆ ಬೇರೆ ಹೆಸರಿನಲ್ಲಿ ಇರುವುದರಿಂದ ಟೆಂಪ್ಲೇಟ್ ಓದುವಾಗಲೇ ಯಾವುದು ಯಾವುದು ಅಂತ ಕಾಣುತ್ತದೆ.

ಹಾಗಿದ್ದರೆ ಆ ರೈತರ ಅಡ್ಡಹೆಸರು ಹೇಗೆ ಬದಲಾಯಿತು? ನಾನು ವ್ಯಾಲ್ಯೂ ಹೆಸರನ್ನು ಎರಡೂ ಕಡೆ ಬರೆದಿದ್ದೆ. ಬಟನ್ನಿನ ಸಾಲನ್ನು ನಕಲು ಮಾಡಿ ಪೆಟ್ಟಿಗೆಗೆ ಅಂಟಿಸಿದಾಗ ಐ18ಎನ್ ಸಾಲೂ ಜೊತೆಗೆ ಬಂದಿತ್ತು. ಹಾಗೆ ಬರೆದರೆ ಟಾಲ್ ಮೊದಲು ದಾಖಲೆಯಿಂದ ಬೆಲೆ ತರುತ್ತದೆ, ಆ ಬೆಲೆಯೇ ಅನುವಾದಕ್ಕೆ ಹೋಗುತ್ತದೆ. ಟಾಲ್ ಕಂಟೆಂಟ್ (ಒಳಗಿನ ಬರಹ ತುಂಬುವ ಆಟ್ರಿಬ್ಯೂಟ್) ಜೊತೆಗೆ ಖಾಲಿ ಐ18ಎನ್ ಟ್ರಾನ್ಸ್‌ಲೇಟ್ ಇಟ್ಟರೂ ಇದೇ ಆಗುತ್ತದೆ. ಕೆಲವೊಮ್ಮೆ ನಮಗೆ ಅದೇ ಬೇಕಿರುತ್ತದೆ, ಉದಾಹರಣೆಗೆ ಅರ್ಜಿಯ ಸ್ಥಿತಿ ತೋರಿಸುವಾಗ. ಜನರು ಬರೆದ ಬೆಲೆಗೆ ಮಾತ್ರ ಎಂದೂ ಬೇಡ. ಈಗ ನನ್ನ ಹತ್ತಿರ ಒಂದು ಚಿಕ್ಕ ಸ್ಕ್ರಿಪ್ಟ್ ಇದೆ. ಸಬ್ಮಿಟ್, ಬಟನ್, ರೀಸೆಟ್ ಬಿಟ್ಟು ಬೇರೆ ಯಾವ ಇನ್‌ಪುಟ್‌ನಲ್ಲಾದರೂ ಐ18ಎನ್ ಸಾಲಿನಲ್ಲಿ ವ್ಯಾಲ್ಯೂ ಕಂಡರೆ ಅದು ಬಿಲ್ಡ್, ಅಂದರೆ ಬಳಕೆಗೆ ಜೋಡಿಸಿ ಸಿದ್ಧಮಾಡುವ ಕೆಲಸ, ನಿಲ್ಲಿಸುತ್ತದೆ.

ಟಾಲ್‌ನಲ್ಲಿ ನನಗೆ ಬಹಳ ಇಷ್ಟವಾದದ್ದು ‘ಡಿಫಾಲ್ಟ್’. ದಾಖಲೆಯಲ್ಲಿ ಬೆಲೆ ಇಲ್ಲದಿದ್ದರೆ ಟೆಂಪ್ಲೇಟ್‌ನಲ್ಲಿ ಬರೆದ ಬೆಲೆಯನ್ನೇ ಉಳಿಸು ಅಂತ ಅದಕ್ಕೆ ಹೇಳಬಹುದು. ಲೆಕ್ಕದಲ್ಲಿ ಪೈಥಾನ್‌ನ ‘ನನ್’ ಬಂದರೆ ಆ ಆಟ್ರಿಬ್ಯೂಟ್ ಪೂರ್ತಿ ಮಾಯವಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಜಮೀನನ್ನು ನಾವು ಎಕರೆ, ಗುಂಟೆಯಲ್ಲಿ ಕೇಳುತ್ತೇವೆ. 40 ಗುಂಟೆಗೆ ಒಂದು ಎಕರೆ. ಎರಡು ಎಕರೆ ಸೊನ್ನೆ ಗುಂಟೆ ಇರುವವರು ಎಷ್ಟೋ ಜನ. ‘ಗುಂಟೆ ಇದ್ದರೆ ತೋರಿಸು, ಇಲ್ಲದಿದ್ದರೆ ಖಾಲಿ ಬಿಡು’ ಅಂತ ಪೈಥಾನ್‌ನ ‘ಆರ್’ ಹಾಕಿ ಬರೆದರೆ ಸೊನ್ನೆಯೂ ‘ಇಲ್ಲ’ ಅಂತಲೇ ಆಗುತ್ತದೆ. ಪೆಟ್ಟಿಗೆ ಖಾಲಿ ಬರುತ್ತದೆ, ಕಡ್ಡಾಯ ಅಂತ ಇದ್ದರೆ ಫಾರ್ಮ್ ಮುಂದೆ ಹೋಗುವುದಿಲ್ಲ. ಸೊನ್ನೆ ಬೇರೆ, ಬೆಲೆಯೇ ಇಲ್ಲದಿರುವುದು ಬೇರೆ. ಅದನ್ನು ಬಿಡಿಸಿ ಬರೆಯಿರಿ.

ಅನುವಾದ ಗೆಟ್‌ಟೆಕ್ಸ್ಟ್ ಅನ್ನುವ ಸಾಧನದ ಪಿಒ ಫೈಲ್‌ನಲ್ಲಿ, ಅಂದರೆ ಮೂಲ ವಾಕ್ಯವೂ ಅನುವಾದವೂ ಜೋಡಿಯಾಗಿ ಇರುವ ಫೈಲ್‌ನಲ್ಲಿ, ಇರುತ್ತದೆ. ಇದು ದೊಡ್ಡ ಅನುಕೂಲ. ಪೊಎಡಿಟ್ ಥರದ ಉಚಿತ ಸಾಧನದಲ್ಲಿ ಭಾಷೆ ಬಲ್ಲವರು ತಾವೇ ತಿದ್ದಬಹುದು. ಮೂಲ ವಾಕ್ಯ ಬದಲಾದರೆ ಹಳೇ ಅನುವಾದಕ್ಕೆ ‘ಫಜ್ಜಿ’ ಅಂತ ಗುರುತು ಬೀಳುತ್ತದೆ, ಯಾರಾದರೂ ನೋಡಿ ಒಪ್ಪುವವರೆಗೆ ಅದು ಬಳಕೆಗೆ ಬರುವುದಿಲ್ಲ. ಅನುವಾದ ಇಲ್ಲದ ಕಡೆ ಮೂಲ ಬರಹವೇ ಕಾಣುತ್ತದೆ. ಇನ್ನೊಂದು ಲಾಭ: ಟೆಂಪ್ಲೇಟ್ ಫೈಲನ್ನು ಹಾಗೇ ಬ್ರೌಸರ್‌ನಲ್ಲಿ ತೆರೆದರೂ ಫಾರ್ಮ್ ಸರಿಯಾಗಿ ಕಾಣುತ್ತದೆ, ಗೊತ್ತಿಲ್ಲದ ಆಟ್ರಿಬ್ಯೂಟ್‌ಗಳನ್ನು ಬ್ರೌಸರ್ ಲೆಕ್ಕಿಸುವುದಿಲ್ಲ. ಉರ್ದು ಅನುವಾದ ಮಾಡಿಕೊಟ್ಟ ಮೇಷ್ಟ್ರಿಗೆ ನಾನು ಆ ಫೈಲನ್ನೇ ಕಳಿಸಿದ್ದೆ. ಯಾವ ಮಾತು ಎಲ್ಲಿ ಬರುತ್ತದೆ ಅಂತ ನೋಡಿ ಬರೆದರು.

ವಾಕ್ಯದೊಳಗೆ ಹೆಸರು ಸೇರಿಸುವ ಕಷ್ಟ

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದು ಸಾಮಾನ್ಯವಾಗಿ ಸಿಗುವುದಿಲ್ಲ. ಟಾಲ್‌ನಲ್ಲಿ ಐ18ಎನ್ ನೇಮ್ ಅಂತ ಒಂದಿದೆ. ವಾಕ್ಯದ ನಡುವೆ ಬದಲಾಗುವ ಭಾಗಕ್ಕೆ ಹೆಸರಿಟ್ಟರೆ, ಅನುವಾದಕರು ಆ ಭಾಗವನ್ನು ವಾಕ್ಯದಲ್ಲಿ ಎಲ್ಲಿ ಬೇಕೋ ಅಲ್ಲಿ ಇಡಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇದು ಬೇಕೇ ಬೇಕು.

ಜಾಗ ಸಿಕ್ಕರೆ ಸಾಲದು, ವಿಭಕ್ತಿಯೂ ಇದೆಯಲ್ಲ. ಆಳಂದದಲ್ಲಿ, ಕಲಬುರಗಿಯಲ್ಲಿ, ಸೇಡಂನಲ್ಲಿ, ಬೀದರ್‌ನಲ್ಲಿ. ಒಂದೊಂದು ಊರಿಗೆ ಒಂದೊಂದು ರೂಪ. ‘ನಿಮ್ಮ ಜಮೀನು’ ಆದ ಮೇಲೆ ಊರಿನ ಹೆಸರು, ಆಮೇಲೆ ‘ನಲ್ಲಿ ಇದೆ’ ಅಂತ ಅನುವಾದಿಸಿದರೆ ‘ಆಳಂದನಲ್ಲಿ’ ಅಂತ ಬರುತ್ತದೆ. ಓದಿದವರಿಗೆ ಇದು ಯಂತ್ರದ ಕನ್ನಡ ಅಂತ ಗೊತ್ತಾಗಿಬಿಡುತ್ತದೆ. ನಾನು ಕಂಡುಕೊಂಡ ಸುಲಭ ದಾರಿ, ಹೆಸರಿನ ಮುಂದೆ ಒಂದು ಸಾಮಾನ್ಯ ಪದ ಇಡುವುದು. ‘ಆಳಂದ ತಾಲ್ಲೂಕಿನಲ್ಲಿ’, ‘ಸೇಡಂ ತಾಲ್ಲೂಕಿನಲ್ಲಿ’. ಪ್ರತ್ಯಯ ತಾಲ್ಲೂಕಿಗೆ ಅಂಟುತ್ತದೆ, ಹೆಸರು ಹಾಗೇ ಉಳಿಯುತ್ತದೆ. ಜನರ ಹೆಸರಿಗೂ ಹೀಗೇ ಮಾಡಬಹುದು, ‘ಅವರ’, ‘ಅವರಿಗೆ’ ಸೇರಿಸಿದರೆ ಆಯಿತು. ಮರ್ಯಾದೆಯೂ ಉಳಿಯುತ್ತದೆ.

ಗೆನ್ಶಿ: ತುಂಬುವ ಕೆಲಸ ಬೇರೆಯವರಿಗೆ

ಗೆನ್ಶಿ ಕೂಡ ಪೈಥಾನ್‌ನದು, ಟಾಲ್‌ನ ಹತ್ತಿರದ ನೆಂಟ. ಇದರ ವಿಶೇಷ ಅಂದರೆ ಎಚ್‌ಟಿಎಂಎಲ್ ಫಾರ್ಮ್ ಫಿಲ್ಲರ್ ಅನ್ನುವ ಫಿಲ್ಟರ್, ಅಂದರೆ ಪುಟವನ್ನು ತಿದ್ದಿ ಮುಂದೆ ಕಳಿಸುವ ಭಾಗ. ಟೆಂಪ್ಲೇಟ್‌ನಲ್ಲಿ ವ್ಯಾಲ್ಯೂ ಬಗ್ಗೆ ಏನೂ ಬರೆಯುವುದೇ ಬೇಡ. ಪುಟ ಸಿದ್ಧವಾದ ಮೇಲೆ ದಾಖಲೆಯನ್ನು ಒಟ್ಟಿಗೆ ಕೊಟ್ಟರೆ, ಪೆಟ್ಟಿಗೆಗಳ ನೇಮ್ ನೋಡಿ ಅದೇ ತುಂಬುತ್ತದೆ. ರೇಡಿಯೊ, ಚೆಕ್‌ಬಾಕ್ಸ್, ಸೆಲೆಕ್ಟ್ ಎಲ್ಲಕ್ಕೂ. ಪಾಸ್‌ವರ್ಡ್ ಪೆಟ್ಟಿಗೆಯನ್ನು ನಾವು ಹೇಳದ ಹೊರತು ಮುಟ್ಟುವುದಿಲ್ಲ.

ಅನುವಾದದ ಫಿಲ್ಟರ್ ಮೊದಲು ಓಡುತ್ತದೆ, ತುಂಬುವ ಫಿಲ್ಟರ್ ಕೊನೆಗೆ. ಹೀಗಾಗಿ ಜನರ ಬೆಲೆ ಅನುವಾದದ ಕೈಗೆ ಸಿಗುವುದೇ ಇಲ್ಲ. ಆ ರೈತರಿಗೆ ಆದ ತೊಂದರೆ ಇಲ್ಲಿ ಆಗುತ್ತಿರಲಿಲ್ಲ. ವಿನ್ಯಾಸದ ಮಟ್ಟಿಗೆ ನನಗೆ ಇದು ಎಲ್ಲಕ್ಕಿಂತ ಚೆಂದ ಅನ್ನಿಸಿದೆ. ಆದರೆ ಆಪ್ಷನ್‌ಗೆ ಕೋಡ್ ಇಲ್ಲದಿದ್ದರೆ ಇದು ಅನುವಾದವಾದ ಬರಹದ ಜೊತೆ ಹೋಲಿಸಿ ಸೋಲುತ್ತದೆ, ಅದನ್ನು ನೆನಪಿಡಿ.

ಹೊಸ ಕೆಲಸಕ್ಕೆ ಗೆನ್ಶಿ ತಗೊಳ್ಳಿ ಅಂತ ಹೇಳಲು ಮಾತ್ರ ನನಗೆ ಧೈರ್ಯ ಸಾಲದು. ಇದನ್ನು ಹೆಸರುವಾಸಿ ಮಾಡಿದ, ತಂತ್ರಾಂಶದ ದೋಷಗಳನ್ನು ದಾಖಲಿಸುವ ಟ್ರ್ಯಾಕ್ ಯೋಜನೆಯೇ 1.4ನೇ ಆವೃತ್ತಿಯಲ್ಲಿ ಜಿಂಜಾ ಕಡೆ ಹೊರಳಿತು. ಫಾರ್ಮ್ ಫಿಲ್ಲರ್ ಬರೆದ ಕಾಲಕ್ಕೆ ಡೇಟ್, ನಂಬರ್, ಟೆಲ್ ಥರದ ಇನ್‌ಪುಟ್ ಟೈಪ್‌ಗಳ ಬಳಕೆ ಇರಲಿಲ್ಲ. ಬಳಸುವುದಾದರೆ ಒಂದೊಂದನ್ನೂ ತುಂಬಿ ನೋಡಿ.

ಥೈಮ್‌ಲೀಫ್: ಜಾವಾ ಗೊತ್ತಿದ್ದರೆ

ನಮ್ಮ ಕಾಲೇಜುಗಳಲ್ಲಿ ಜಾವಾ ಕಲಿತು ಬಂದ ಹುಡುಗರು ಜಾಸ್ತಿ. ಜಾವಾದ ವೆಬ್ ಸಾಧನ ಸ್ಪ್ರಿಂಗ್ ಜೊತೆ ಕೆಲಸ ಮಾಡುವವರಿಗೆ ಥೈಮ್‌ಲೀಫ್ ಸಹಜ ಆಯ್ಕೆ. ಇದರ ಆಟ್ರಿಬ್ಯೂಟ್‌ಗಳು ‘ಟಿಎಚ್’ ಅಂತ ಶುರುವಾಗುತ್ತವೆ. ಅನುವಾದಕ್ಕೆ ಹ್ಯಾಶ್ ಗುರುತು, ದಾಖಲೆಯ ಬೆಲೆಗೆ ಡಾಲರ್ ಅಥವಾ ನಕ್ಷತ್ರದ ಗುರುತು. ಇಲ್ಲಿ ಎರಡು ಕೆಲಸವನ್ನು ಬೇರೆ ಮಾಡುವುದು ಆಟ್ರಿಬ್ಯೂಟ್ ಹೆಸರಲ್ಲ, ಒಳಗಿನ ಗುರುತು. ಆದರೂ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ.

ಟಿಎಚ್ ಫೀಲ್ಡ್ ಇದರ ದೊಡ್ಡ ಶಕ್ತಿ. ಒಂದು ಆಟ್ರಿಬ್ಯೂಟ್ ಬರೆದರೆ ಐಡಿ, ನೇಮ್, ವ್ಯಾಲ್ಯೂ ಮೂರನ್ನೂ ಅದೇ ಹಾಕುತ್ತದೆ. ಸೆಲೆಕ್ಟ್‌ನಲ್ಲಿ ಸರಿಯಾದ ಆಪ್ಷನ್ ಆರಿಸುತ್ತದೆ. ಸರ್ವರ್ ತಪ್ಪು ಹಿಡಿದು ಫಾರ್ಮ್ ವಾಪಸ್ ಕಳಿಸಿದರೆ ಜನರು ಬರೆದದ್ದು ಹಾಗೇ ಉಳಿದಿರುತ್ತದೆ. ಗುರುತು ಹಾಕದ ಚೆಕ್‌ಬಾಕ್ಸ್ ಸರ್ವರ್‌ಗೆ ಹೋಗುವುದೇ ಇಲ್ಲ ಅನ್ನುವ ಹಳೇ ತೊಂದರೆಗೆ ಜೊತೆಯಲ್ಲೊಂದು ಹಿಡನ್ ಪೆಟ್ಟಿಗೆ ಇಟ್ಟು ಪರಿಹಾರ ಮಾಡುತ್ತದೆ. ತಾಲ್ಲೂಕು ಪಟ್ಟಿಗೆ ಟಿಎಚ್ ವ್ಯಾಲ್ಯೂನಲ್ಲಿ ಕೋಡ್, ಟಿಎಚ್ ಟೆಕ್ಸ್ಟ್‌ನಲ್ಲಿ ಆ ಕೋಡ್ ಸೇರಿಸಿದ ಅನುವಾದದ ಕೀ (ಅನುವಾದ ಹುಡುಕಲು ಇಟ್ಟ ಹೆಸರು). ಇಷ್ಟು ಬರೆದರೆ ಕೆಲಸ ಮುಗಿಯಿತು.

ಅನುವಾದ ಪ್ರಾಪರ್ಟೀಸ್ ಫೈಲ್‌ನಲ್ಲಿ ಇರುತ್ತದೆ. ಜಾವಾ 8ರವರೆಗೆ ಈ ಫೈಲ್‌ಗಳನ್ನು ಜಾವಾ ಲ್ಯಾಟಿನ್-1 (ಕನ್ನಡ ಅಕ್ಷರಗಳಿಗೆ ಜಾಗವಿಲ್ಲದ ಹಳೇ ಪದ್ಧತಿ) ಅಂತ ಓದುತ್ತಿತ್ತು. ಕನ್ನಡದ ಒಂದೊಂದು ಅಕ್ಷರವನ್ನೂ ಯೂನಿಕೋಡ್ ಸಂಖ್ಯೆಯಾಗಿ ಬರೆಯಬೇಕಿತ್ತು. ಜಾವಾ 9ರಿಂದ ಎಲ್ಲ ಭಾಷೆಯ ಅಕ್ಷರವೂ ಹಿಡಿಸುವ ಯುಟಿಎಫ್-8 ಆಯಿತು. ಸ್ಪ್ರಿಂಗ್ ಬೂಟ್ ಕೂಡ ಯುಟಿಎಫ್-8 ಅಂತಲೇ ಓದುತ್ತದೆ. ಹಳೇ ಪ್ರಾಜೆಕ್ಟ್‌ನಲ್ಲಿ ಕನ್ನಡ ಚಿಂದಿಯಾಗಿ ಕಂಡರೆ ಮೊದಲು ಇಲ್ಲಿ ನೋಡಿ. ಅನುವಾದ ಇಲ್ಲದಿದ್ದರೆ ಥೈಮ್‌ಲೀಫ್ ಕೀ ಹೆಸರನ್ನು ಪ್ರಶ್ನೆ ಗುರುತುಗಳ ನಡುವೆ ತೋರಿಸುತ್ತದೆ. ಪರೀಕ್ಷೆ ಮಾಡುವಾಗ ಇದು ಒಳ್ಳೆಯದು, ತಪ್ಪಿದ್ದು ಕಣ್ಣಿಗೆ ಹೊಡೆಯುತ್ತದೆ. ಜನರ ಮುಂದೆ ಹಾಗೆ ಬಂದರೆ ಗಾಬರಿಯಾಗುತ್ತಾರೆ. ಮೂಲ ಫೈಲ್‌ನಲ್ಲಿ, ಅಂದರೆ ಭಾಷೆಯ ಹೆಸರಿಲ್ಲದ ಫೈಲ್‌ನಲ್ಲಿ, ಎಲ್ಲ ಕೀಗಳಿಗೂ ಕನ್ನಡ ಬರೆದಿಡಿ. ಉರ್ದು ಒಂದು ಸಾಲು ತಪ್ಪಿದರೂ ಕನ್ನಡ ಬರುತ್ತದೆ.

ಆಂಗ್ಯುಲರ್

ಬ್ರೌಸರ್‌ನಲ್ಲಿ ಓಡುವ ಆ್ಯಪ್ ಕಟ್ಟುವ ಸಾಧನ ಆಂಗ್ಯುಲರ್‌ನಲ್ಲೂ ಐ18ಎನ್ ಆಟ್ರಿಬ್ಯೂಟ್ ಇದೆ. ಪ್ಲೇಸ್‌ಹೋಲ್ಡರ್‌ಗೆ ಐ18ಎನ್-ಪ್ಲೇಸ್‌ಹೋಲ್ಡರ್ ಅಂತ ಬರೆಯಬೇಕು. ಬೆಲೆ ತುಂಬುವುದು ಫಾರ್ಮ್ ಕಂಟ್ರೋಲ್ (ಪೆಟ್ಟಿಗೆಯ ಬೆಲೆ ನೋಡಿಕೊಳ್ಳುವ ಭಾಗ) ಮೂಲಕ. ಟೆಂಪ್ಲೇಟ್‌ನಲ್ಲಿ ಬರೆದ ವ್ಯಾಲ್ಯೂವನ್ನು ಕಂಟ್ರೋಲ್ ಅಳಿಸಿ ತನ್ನದನ್ನು ಹಾಕುತ್ತದೆ. ಎರಡು ಕೆಲಸ ಬೆರೆಯುವ ಭಯ ಇಲ್ಲ.

ತೊಂದರೆ ಬೇರೆ ಕಡೆ ಇದೆ. ಅನುವಾದ ಬಿಲ್ಡ್ ಮಾಡುವಾಗಲೇ ಆಗುತ್ತದೆ, ಭಾಷೆಗೊಂದು ಪ್ರತ್ಯೇಕ ಬಿಲ್ಡ್. ಅರ್ಧ ತುಂಬಿದವರು ಭಾಷೆ ಬದಲಿಸಿದರೆ ಹೊಸ ಆ್ಯಪ್ಪೇ ಲೋಡ್ ಆಗುತ್ತದೆ, ಬರೆದದ್ದೆಲ್ಲ ಹೋಗುತ್ತದೆ. ಒಂದು ಅಕ್ಷರ ತಪ್ಪಿದ್ದರೂ ಮತ್ತೆ ಬಿಲ್ಡ್ ಮಾಡಬೇಕು. ಪೂರ್ತಿ ಆ್ಯಪ್ ಈಗಾಗಲೇ ಆಂಗ್ಯುಲರ್‌ನಲ್ಲಿ ಇದ್ದರೆ ಸರಿ. ಒಂದು ನೋಂದಣಿ ಫಾರ್ಮ್‌ಗಾಗಿ ಇಷ್ಟು ಭಾರ ಸುಮ್ನೆ ಹೊರಬೇಡಿ.

ಬ್ರೌಸರ್‌ನಲ್ಲೇ ಅನುವಾದ: ಐ18ನೆಕ್ಸ್ಟ್, ಫ್ಲುಯೆಂಟ್

ಭಾಷೆ ಬದಲಿಸಿದಾಗ ಬರೆದದ್ದು ಹೋಗಬಾರದು ಅನ್ನುವುದು ನಮ್ಮ ಕಡೆ ಬಹಳ ದೊಡ್ಡ ವಿಷಯ. ಮನೆಯಲ್ಲಿ ಅಪ್ಪ ಉರ್ದು ಓದುತ್ತಾರೆ, ಮಗಳು ಕನ್ನಡ ಶಾಲೆಗೆ ಹೋಗುತ್ತಾಳೆ. ಮಗಳು ಅರ್ಧ ತುಂಬಿ, ಅಪ್ಪನಿಗೆ ತೋರಿಸಲು ಉರ್ದು ಬಟನ್ ಒತ್ತುತ್ತಾಳೆ. ಔರಾದ್ ಕಡೆ ಮರಾಠಿ, ಗುರುಮಠಕಲ್, ಸೇಡಂ ಕಡೆ ತೆಲುಗು ಸೇರಿಸಿ ಅಂತ ನಾಳೆ ಕೇಳುತ್ತಾರೆ. ಇಲ್ಲಿ ಬ್ರೌಸರ್‌ನೊಳಗೆ ಅನುವಾದಿಸುವ ಸಾಧನಗಳು ಗೆಲ್ಲುತ್ತವೆ. ಪುಟ ಮತ್ತೆ ಲೋಡ್ ಆಗುವುದಿಲ್ಲ, ಬರಹ ಮಾತ್ರ ಬದಲಾಗುತ್ತದೆ.

ಐ18ನೆಕ್ಸ್ಟ್ ಜೊತೆ ಡೇಟಾ-ಐ18ಎನ್ ಆಟ್ರಿಬ್ಯೂಟ್ ಬಳಸುವುದು ಎಲ್ಲರಿಗೂ ಗೊತ್ತಿರುವ ದಾರಿ. ಕಲಿಯಲು ಸುಲಭ. ಆದರೆ ಯಾವ ಆಟ್ರಿಬ್ಯೂಟ್ ಅನುವಾದಿಸು ಅಂದರೂ ಮಾಡುತ್ತದೆ, ವ್ಯಾಲ್ಯೂ ಅಂದರೆ ವ್ಯಾಲ್ಯೂ. ಕಾವಲು ನಮ್ಮದೇ.

ಮೊಝಿಲ್ಲಾದ ಫ್ಲುಯೆಂಟ್ ನನಗೆ ಇಷ್ಟವಾದದ್ದು ಈ ಕಾರಣಕ್ಕೇ. ಡೇಟಾ-ಎಲ್10ಎನ್-ಐಡಿ ಅಂತ ಒಂದೇ ಗುರುತು ಕೊಟ್ಟರೆ ಬರಹ, ಪ್ಲೇಸ್‌ಹೋಲ್ಡರ್, ಟೈಟಲ್ ಎಲ್ಲ ಒಟ್ಟಿಗೆ ಅನುವಾದವಾಗುತ್ತದೆ. ಯಾವ ಆಟ್ರಿಬ್ಯೂಟ್ ಮುಟ್ಟಬಹುದು ಅನ್ನುವ ಪಟ್ಟಿ ಅದರೊಳಗೇ ಇದೆ. ಇನ್‌ಪುಟ್‌ನ ವ್ಯಾಲ್ಯೂವನ್ನು ಸಬ್ಮಿಟ್, ರೀಸೆಟ್, ಬಟನ್ ಟೈಪ್‌ಗಳಲ್ಲಿ ಮಾತ್ರ ಮುಟ್ಟುತ್ತದೆ. ಹೆಸರಿನ ಪೆಟ್ಟಿಗೆಯ ವ್ಯಾಲ್ಯೂ ಬದಲಿಸು ಅಂತ ಅನುವಾದಕರೇ ಬರೆದರೂ ಅದು ಕೇಳುವುದಿಲ್ಲ. ನಾನು ಸ್ಕ್ರಿಪ್ಟ್ ಬರೆದು ಮಾಡಿಕೊಂಡ ಕಾವಲನ್ನು ಇವರು ಮೊದಲೇ ಕಟ್ಟಿಟ್ಟಿದ್ದಾರೆ.

ಇವೆರಡಕ್ಕೂ ಜಾವಾಸ್ಕ್ರಿಪ್ಟ್ (ಬ್ರೌಸರ್‌ನಲ್ಲೇ ಓಡುವ ಕೋಡ್) ಬೇಕು. ಸಿಗ್ನಲ್ ಸರಿಯಿಲ್ಲದ ಹಳ್ಳಿಯಲ್ಲಿ ಅನುವಾದದ ಫೈಲ್ ಬರದೇ ಹೋಗಬಹುದು. ಆಗ ಪುಟದಲ್ಲಿ ಬರೆದ ಮೂಲ ಬರಹವೇ ಉಳಿಯುತ್ತದೆ. ಅದಕ್ಕೇ ಮೂಲ ಎಚ್‌ಟಿಎಂಎಲ್ ಅನ್ನು ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್‌ನಲ್ಲಿ ಬೇಡ.

ಸರ್ವರ್ ಕಡೆಯ ಟೆಂಪ್ಲೇಟ್‌ನಲ್ಲೇ ಇರಬೇಕು ಅನ್ನುವವರಿಗೂ ದಾರಿ ಇದೆ. ಭಾಷೆಯ ಬಟನ್ನನ್ನು ಲಿಂಕ್ ಮಾಡಬೇಡಿ, ಸಬ್ಮಿಟ್ ಬಟನ್ ಮಾಡಿ. ಫಾರ್ಮ್‌ನೋವ್ಯಾಲಿಡೇಟ್ ಆಟ್ರಿಬ್ಯೂಟ್ ಹಾಕಿದರೆ ಅರ್ಧ ತುಂಬಿದ್ದರೂ ಬ್ರೌಸರ್ ತಡೆಯುವುದಿಲ್ಲ. ಬರೆದದ್ದು ಸರ್ವರ್‌ಗೆ ಹೋಗಿ, ಹೊಸ ಭಾಷೆಯ ಫಾರ್ಮ್‌ನಲ್ಲಿ ತುಂಬಿಕೊಂಡು ವಾಪಸ್ ಬರುತ್ತದೆ. ಫೋಟೊ ಮಾತ್ರ ಬರುವುದಿಲ್ಲ, ಅದನ್ನು ಕೊನೆಯ ಪುಟದಲ್ಲಿ ಕೇಳಿ.

ಎಲ್ಲಕ್ಕೂ ಅನ್ವಯಿಸುವ ನಮ್ಮ ಊರಿನ ವಿಷಯಗಳು

2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು. 2010ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. ಹಾಗಾಗಿ ಹಳೇ ದಾಖಲೆಗಳಲ್ಲಿ ಶಹಾಪುರ, ಸುರಪುರ ಎಲ್ಲ ಗುಲ್ಬರ್ಗಾ ಜಿಲ್ಲೆಯಲ್ಲೇ ಇವೆ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಈ ನಡುವೆ ಹೊಸ ತಾಲ್ಲೂಕುಗಳೂ ಬಂದವು: ಕಾಳಗಿ, ಕಮಲಾಪುರ, ಯಡ್ರಾಮಿ, ಹುಣಸಗಿ, ವಡಗೇರಾ. ಬೀದರ್ ಜಿಲ್ಲೆಯಲ್ಲಿ ಕಮಲನಗರ. ಕಮಲಾಪುರ, ಕಮಲನಗರ ಎರಡನ್ನೂ ಅವಸರದಲ್ಲಿ ಅದಲುಬದಲು ಮಾಡುವವರಿದ್ದಾರೆ. ಹೆಸರನ್ನೇ ಬೆಲೆಯಾಗಿ ಉಳಿಸಿದವರು ಹೆಸರು ಬದಲಾದ ಪ್ರತಿ ಸಲ ದಾಖಲೆಯನ್ನೆಲ್ಲ ತಿದ್ದಬೇಕಾಯಿತು. ಕೋಡ್ ಇಟ್ಟವರು ಅನುವಾದದ ಫೈಲ್‌ನಲ್ಲಿ ಒಂದು ಸಾಲು ಬದಲಿಸಿದರು, ಅಷ್ಟೇ.

ಉರ್ದು ಬಲದಿಂದ ಎಡಕ್ಕೆ. ಟೆಂಪ್ಲೇಟ್‌ನಲ್ಲಿ ಲ್ಯಾಂಗ್ (ಭಾಷೆ) ಜೊತೆಗೆ ಡಿರ್ (ಬರಹದ ದಿಕ್ಕು) ಆಟ್ರಿಬ್ಯೂಟ್ ಕೂಡ ಭಾಷೆಗೆ ತಕ್ಕಂತೆ ತುಂಬಬೇಕು. ಮೊಬೈಲ್ ನಂಬರ್ ಪೆಟ್ಟಿಗೆಗೆ ಎಡದಿಂದ ಬಲ ಅಂತಲೇ ಇಡಿ. ಹೆಸರಿನ ಪೆಟ್ಟಿಗೆಗೆ ‘ಆಟೊ’ (ಬರೆದ ಲಿಪಿ ನೋಡಿ ದಿಕ್ಕು ಆರಿಸು) ಅಂತ ಕೊಡಿ, ಯಾಕೆಂದರೆ ಉರ್ದು ಫಾರ್ಮ್‌ನಲ್ಲೂ ಕೆಲವರು ಹೆಸರನ್ನು ಕನ್ನಡದಲ್ಲಿ ಬರೆಯುತ್ತಾರೆ.

ಅಂಕಿಗಳ ವಿಷಯ. ನಂಬರ್ ಟೈಪ್‌ನ ಪೆಟ್ಟಿಗೆ ಸಾಮಾನ್ಯವಾಗಿ ಕನ್ನಡ ಅಂಕಿ ೪ ಒಪ್ಪುವುದಿಲ್ಲ. ಜಾವಾಸ್ಕ್ರಿಪ್ಟ್‌ಗೂ ಅದು ಸಂಖ್ಯೆಯಲ್ಲ. ಆದರೆ ಬರಹವನ್ನು ಸಂಖ್ಯೆಯಾಗಿಸುವ ಪೈಥಾನ್‌ನ ಇಂಟ್, ಜಾವಾದ ಪಾರ್ಸ್‌ಇಂಟ್ ಎರಡೂ ಕನ್ನಡ ಅಂಕಿಯನ್ನು ಸರಿಯಾಗಿ ಓದುತ್ತವೆ. ಟೆಕ್ಸ್ಟ್ ಟೈಪ್ ಇಟ್ಟು, ಇನ್‌ಪುಟ್‌ಮೋಡ್ ನ್ಯೂಮೆರಿಕ್ (ಫೋನಿನಲ್ಲಿ ಅಂಕಿಗಳ ಕೀಲಿಮಣೆ ಬರುವ ಹಾಗೆ) ಮಾಡಿ, ಸರ್ವರ್‌ನಲ್ಲಿ ಓದಿಕೊಳ್ಳುವುದು ನನಗೆ ಸರಿ ಕಂಡಿದೆ. ದಿನಾಂಕದ ಪೆಟ್ಟಿಗೆಗೆ ಮಾತ್ರ ಯಾವ ಭಾಷೆಯಲ್ಲೇ ಆಗಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಬೆಲೆ ಕೊಡಬೇಕು. ಅದನ್ನು ಭಾಷೆಗೆ ತಕ್ಕಂತೆ ಬದಲಿಸಿ ಕೊಟ್ಟರೆ ಪೆಟ್ಟಿಗೆ ಖಾಲಿ ಬರುತ್ತದೆ.

ಮ್ಯಾಕ್ಸ್‌ಲೆಂಗ್ತ್, ಅಂದರೆ ಪೆಟ್ಟಿಗೆಯಲ್ಲಿ ಎಷ್ಟು ಅಕ್ಷರ ಬರೆಯಬಹುದು ಅನ್ನುವ ಮಿತಿ, ಕೂಡ ನೋಡಿ. ‘ಶ್ರೀ’ ನಮಗೆ ಒಂದು ಅಕ್ಷರ, ಬ್ರೌಸರ್‌ಗೆ ನಾಲ್ಕು. ‘ಬಸವಕಲ್ಯಾಣ’ ನಮಗೆ ಆರು, ಅದಕ್ಕೆ ಒಂಬತ್ತು. ಇಂಗ್ಲಿಷ್ ಹೆಸರಿಗೆ ಅಂತ 20 ಇಟ್ಟರೆ ಕನ್ನಡದವರ ಹೆಸರು ನಡುವೆಯೇ ನಿಂತುಬಿಡುತ್ತದೆ.

ಹಾಗಾದರೆ ಯಾವುದು?

ಪ್ರತಿ ವರ್ಷ ಅದೇ ಜನ ಬಂದು ತಿದ್ದುವ ಫಾರ್ಮ್, ಪೈಥಾನ್ ಗೊತ್ತಿದೆ ಅಂದರೆ ಕಮೀಲಿಯನ್. ಅನುವಾದಕರು ಹೊರಗಿನವರಾದರೆ ಪಿಒ ಫೈಲ್‌ನಷ್ಟು ಅನುಕೂಲ ಬೇರೆ ಇಲ್ಲ. ಜಾವಾ ತಂಡ ಇದ್ದರೆ ಥೈಮ್‌ಲೀಫ್, ಅನುಮಾನವೇ ಬೇಡ. ಉದ್ದದ ಫಾರ್ಮ್, ಫೋನಿನಲ್ಲೇ ತುಂಬುತ್ತಾರೆ, ನಡುವೆ ಭಾಷೆ ಬದಲಿಸುತ್ತಾರೆ ಅಂದರೆ ಬೆಲೆಯನ್ನು ಸರ್ವರ್ ಟೆಂಪ್ಲೇಟ್ ತುಂಬಲಿ, ಬರಹವನ್ನು ಫ್ಲುಯೆಂಟ್ ನೋಡಿಕೊಳ್ಳಲಿ. ತೊಗರಿ ಬೆಳೆಗಾರರ ಫಾರ್ಮ್ ಈಗ ಹೀಗೇ ನಡೆಯುತ್ತಿದೆ. ಎರಡು ಸಾಧನ ಸಾಕುವುದು ಸ್ವಲ್ಪ ಜಾಸ್ತಿ ಕೆಲಸ ನಿಜ, ಆದರೆ ಅನುವಾದ ಮಾಡುವವನ ಕೈಗೆ ದಾಖಲೆ ಸಿಗುವುದೇ ಇಲ್ಲ.

ಯಾವುದನ್ನೇ ಆರಿಸಿ, ಜನರಿಗೆ ಕೊಡುವ ಮುಂಚೆ ಒಂದು ಹುಸಿ ದಾಖಲೆ ಮಾಡಿಕೊಳ್ಳಿ. ಅಡ್ಡಹೆಸರು ಇಂಗ್ಲಿಷ್ ಅಕ್ಷರದಲ್ಲಿ ಒಂದು ತಾಲ್ಲೂಕಿನ ಹೆಸರು. ತಂದೆಯ ಹೆಸರು ಉರ್ದುವಿನಲ್ಲಿ. ಜಮೀನು ಎರಡು ಎಕರೆ ಸೊನ್ನೆ ಗುಂಟೆ. ತಾಲ್ಲೂಕು ಕಮಲಾಪುರ. ಒಂದು ಚೆಕ್‌ಬಾಕ್ಸ್‌ಗೆ ಗುರುತು, ಇನ್ನೊಂದಕ್ಕೆ ಇಲ್ಲ. ಇದನ್ನು ಕನ್ನಡದಲ್ಲಿ ತೆರೆದು ಏನೂ ಮುಟ್ಟದೆ ಸೇವ್ ಮಾಡಿ. ಉರ್ದುವಿನಲ್ಲಿ ತೆರೆದು ಮತ್ತೆ ಸೇವ್ ಮಾಡಿ. ಇಂಗ್ಲಿಷ್‌ನಲ್ಲೂ ಒಮ್ಮೆ. ಕೊನೆಗೆ ದಾಖಲೆ ಮೊದಲಿನ ಹಾಗೇ, ಒಂದು ಅಕ್ಷರವೂ ಬದಲಾಗದೆ ಇರಬೇಕು. ನನ್ನ ಪರೀಕ್ಷೆಯ ಮೊದಲ ಸಾಲಿನಲ್ಲಿ ಈಗ ಇರುವ ಅಡ್ಡಹೆಸರು ಜೇವರ್ಗಿ.